ಯಾವುದು ಮೊದಲೋ ಅದು

ನಮ್ಮ ಮಾವನವರಿಗೆ ಕಾರಿನ ಬಗ್ಗೆ ಒಂದೇ ಹೆಮ್ಮೆ. ಮನೆಗೆ ಯಾರೇ ಬರಲಿ, ಚಹಾ ಮುಗಿಯುವ ಹೊತ್ತಿಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. "ಹನ್ನೊಂದು ವರ್ಷ ಆತ್ ನೋಡ್ರಿ. ಓಡಿದ್ದು ಬರೇ ಮೂವತ್ತೊಂದು ಸಾವಿರ. ಹೊಸಾದ ಅದ." ಬಂದವರೂ ಹೌದ್ಹೌದು ಅಂತ ತಲೆ ಆಡಿಸುತ್ತಾರೆ. ನಮ್ಮ ರಾಯಚೂರಿನಲ್ಲಿ ಕಾರು ಕಡಿಮೆ ಓಡಿಸಿದವರಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟವರಿಗೆ ಸಿಗುವಷ್ಟೇ ಮರ್ಯಾದೆ.

2014ರ ಅಕ್ಷಯ ತೃತೀಯದಂದು ಮನೆಗೆ ಬಂದ ಬಿಳಿ ಪೆಟ್ರೋಲ್ ಕಾರು. ನಾನು ಸೊಸೆಯಾಗಿ ಬಂದದ್ದು ಅದಾದ ಎರಡು ವರ್ಷಕ್ಕೆ, ಹಾಗಾಗಿ ಮನೆಯಲ್ಲಿ ಸೀನಿಯಾರಿಟಿ ಅದರದ್ದೇ. ವಾರವೆಲ್ಲ ಹೊದಿಕೆ ಹೊದ್ದು ನಿಂತಿರುತ್ತದೆ. ಎದ್ದರೆ ಗಂಜ್ ಮಾರುಕಟ್ಟೆಗೆ, ಮಕ್ಕಳ ಶಾಲೆಗೆ, ಸ್ಟೇಷನ್ನಿಗೆ, ಎರಡೆರಡು ಕಿಲೋಮೀಟರ್. ಆಗಾಗ ಮಂತ್ರಾಲಯ ಅಥವಾ ದೇವಸೂಗೂರು. ಆಸ್ಪತ್ರೆ ಕೆಲಸ ಬಿದ್ದರೆ ಹೈದರಾಬಾದ್. ಆದರೆ ಪ್ರತಿ ಅಮಾವಾಸ್ಯೆಗೆ ಪೂಜೆ ಮಾತ್ರ ತಪ್ಪಿದ್ದಿಲ್ಲ. ಮಾವನವರೇ ಬೆಳಿಗ್ಗೆ ಎದ್ದು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆಯುತ್ತಾರೆ. ಮಳೆಯಿರಲಿ ಜ್ವರವಿರಲಿ.

ಹೋದ ಬೇಸಿಗೆಯ ಒಂದು ಗುರುವಾರ. ರಾಯರ ದರ್ಶನ ಮುಗಿಸಿ, ಪರಿಮಳ ಪ್ರಸಾದ ತಗೊಂಡು, ಮಧ್ಯಾಹ್ನ ಎರಡರ ಸುಮಾರಿಗೆ ಮಂತ್ರಾಲಯ ಬಿಟ್ಟೆವು. ಏಪ್ರಿಲ್ ತಿಂಗಳಲ್ಲಿ ಆ ಹೊತ್ತಿಗೆ ಹೊರಡಬಾರದು, ಗೊತ್ತು. ಐದು ಸೀಟಿನ ಕಾರಿನಲ್ಲಿ ಆರು ಜನ ಇದ್ದೆವು, ಅದಕ್ಕೂ ಬೈಯುವವರು ಬೈಯಿರಿ. ಮಾಧವರಂ ಹತ್ತಿರ ತುಂಗಭದ್ರೆ ದಾಟಿದ್ದೆವು, ಗಿಲ್ಲೇಸುಗೂರು ಇನ್ನೂ ಬಂದಿರಲಿಲ್ಲ. ಹಿಂದಿನ ಎಡಗಡೆ ಚಕ್ರದಲ್ಲಿ ಲಕ್ಷ್ಮೀ ಪಟಾಕಿ ಹೊಡೆದಂಥ ಸದ್ದು. ಕಾರು ಬಾಲ ಬೀಸಿತು. ನಮ್ಮ ಯಜಮಾನರು ಬ್ರೇಕ್ ತುಳಿಯಲಿಲ್ಲ. ಸ್ಟಿಯರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ಮೇಲಿನ ಕಾಲು ತೆಗೆದು, ತಾನಾಗೇ ನಿಲ್ಲುವವರೆಗೆ ಬಿಟ್ಟರು. ಎದುರಿಗೆ ಭತ್ತದ ಲಾರಿ ಬಾರದ್ದು ರಾಯರ ದಯೆ, ಬ್ರೇಕ್ ತುಳಿಯದ್ದು ಅವರ ಬುದ್ಧಿ.

ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಹನ್ನೊಂದು ವರ್ಷದಲ್ಲಿ ಅದು ಡಿಕ್ಕಿ ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ಯಜಮಾನರು ದಾರಿಯಲ್ಲಿ ಹೋಗುವ ಬೈಕಿನವರೊಬ್ಬರ ಹಿಂದೆ ಸ್ಟೆಪ್ನಿ ತಬ್ಬಿಕೊಂಡು ಕೂತು ಪಂಚರ್ ಅಂಗಡಿ ಹುಡುಕಿ ಹೋದರು. ಉಳಿದ ಐವರು ಜಾಲಿಗಿಡದ ಕೆಳಗೆ ಕೂತು ಪ್ರಸಾದ ತಿಂದೆವು. ಜಾಲಿಗಿಡದ ನೆರಳು ಎಂಥದ್ದು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ.

ಪಂಚರ್ ಅಂಗಡಿಯ ಹುಡುಗ ಸ್ಟೆಪ್ನಿ ಜೊತೆ ತಾನೂ ಬಂದ. ಒಡೆದ ಟೈರನ್ನು ಕಾಲಲ್ಲಿ ಹೊರಳಿಸಿ, ಬದಿಯ ಮೇಲಿದ್ದ ನಾಲ್ಕು ಅಂಕಿಗೆ ಬೆರಳಿಟ್ಟು, ನನ್ನ ಮಗಳ ಕಡೆ ನೋಡಿ ನಕ್ಕ. "ಕಾಕಾ, ಈ ಟೈರು ಈ ಪಾಪುಕಿಂತ ದೊಡ್ಡದದರೀ."

ಮಾವನವರಿಗೆ ಸಿಟ್ಟು ಬಂತು. ಟೈರಿನ ಮೈಮೇಲಿನ ಉಬ್ಬುಗಳಿಗೆ ನಮ್ಮಲ್ಲಿ ಬಟನ್ ಅನ್ನುತ್ತಾರೆ. "ಅಲ್ಲೋ, ಬಟನ್ ನೋಡು. ಎಷ್ಟ್ ಆಳ ಅದಾವ!"

"ಬಟನ್ ಓಡಿದ್ರ ಸವೀತಾವ್ರಿ ಕಾಕಾ. ರಬ್ಬರ್ ನಿಂತಲ್ಲೇ ಒಣಗ್ತದ."

ಅಂಕಿ 0714 ಅಂತ ಇತ್ತು. ಮೊದಲೆರಡು ವಾರ, ಕೊನೆಯೆರಡು ವರ್ಷ. 2014ರ ಏಳನೇ ವಾರದಲ್ಲಿ ತಯಾರಾದ ಟೈರು. ಬದಿಯಲ್ಲಿ ಸಣ್ಣ ಸಣ್ಣ ಬಿರುಕು, ಬೇಸಿಗೆಯ ಎರೆಹೊಲ ನೋಡಿದ ಹಾಗೆ. ಹನ್ನೊಂದು ವರ್ಷ ವಾರಕ್ಕೊಮ್ಮೆ ಕಾರು ಒರೆಸಿದ್ದೇವೆ. ಒಬ್ಬರೂ ಅಲ್ಲಿ ಕಣ್ಣು ಹಾಕಿರಲಿಲ್ಲ.

ಆ ರಾತ್ರಿ ಡ್ಯಾಶ್‌ಬೋರ್ಡಿನಲ್ಲಿದ್ದ ಸರ್ವಿಸ್ ಪುಸ್ತಕ ತೆಗೆದೆ. ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಮೇಲೆ ಮೊದಲ ಪೂಜೆಯ ಕುಂಕುಮ ಕೂಡ. ಒಳಗೆ ಪುಟಪುಟಕ್ಕೂ ಒಂದೇ ಮಾತು: 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಇಷ್ಟು ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಆ ವಾಕ್ಯದ ಅರ್ಧವನ್ನಷ್ಟೇ ಓದಿದ್ದೇವೆ. ಮೀಟರ್ ಹತ್ತು ಸಾವಿರ ತೋರಿಸಿದಾಗ ಆಯಿಲ್ ಬದಲಾಯಿಸುವುದು, ಅಂದರೆ ಮೂರೂವರೆ ವರ್ಷಕ್ಕೊಮ್ಮೆ! ಈ ಊರಲ್ಲಿ ನಮ್ಮಂಥ ಮನೆಯ ಕಾರಿಗೆ ಕಿಲೋಮೀಟರ್ ಯಾವತ್ತೂ ಮೊದಲು ಬರುವುದಿಲ್ಲ, ತಾರೀಖೇ ಬರುತ್ತದೆ. ನಾನು ಇವತ್ತು ಹೇಳಬೇಕು ಅಂದುಕೊಂಡದ್ದು ಇಷ್ಟೇ. ಉಳಿದದ್ದು ಹೊಟ್ಟೆಯುರಿ.

ಅದೇ ಪುಸ್ತಕದ ಕೊನೆಗೆ ಇನ್ನೊಂದು ಪಟ್ಟಿ ಇದೆ. ಧೂಳಿನ ರಸ್ತೆ, ಹೆಚ್ಚು ಬಿಸಿಲು, ಬರೀ ಹತ್ತಿರದ ಓಡಾಟ, ಇವಿದ್ದರೆ ಎಲ್ಲವನ್ನೂ ಇನ್ನೂ ಬೇಗ ಮಾಡಿಸಿ ಅಂತ. ಓದಿ ನಗು ಬಂತು. ಬರೆದವರು ನಮ್ಮ ಉಷ್ಣವಿದ್ಯುತ್ ಸ್ಥಾವರವಿರುವ ಶಕ್ತಿನಗರದ ರಸ್ತೆಯಲ್ಲಿ ಬೂದಿ ಟ್ಯಾಂಕರಿನ ಹಿಂದೆ ಒಮ್ಮೆ ಹೋಗಿ ಬಂದಿರಬೇಕು.

ಗಾಳಿಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಅರ್ಧ ರಾಯಚೂರು ಇದನ್ನು ಉಲ್ಟಾ ಮಾಡುತ್ತದೆ. ಶಿವರಾತ್ರಿ ದಾಟಿತೆಂದರೆ ಮಾವನವರು ಬಂಕಿಗೆ ಹೋಗಿ ಗಾಳಿ ಇಳಿಸಿಕೊಂಡು ಬರುತ್ತಿದ್ದರು. 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದ್ದು 26. "ಬಿಸಿಲಿಗೆ ಗಾಳಿ ಹಿಗ್ಗಿ ಒಡೀತದವ್ವಾ" ಅನ್ನುವ ಲೆಕ್ಕ. ಹಿಗ್ಗುವುದು ನಿಜ. ಐದಾರು ಡಿಗ್ರಿ ಬಿಸಿ ಏರಿದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಆದರೆ ಬಾಗಿಲ ಹತ್ತಿರದ ಸ್ಟಿಕರಿನಲ್ಲಿ ಬರೆದ ಅಂಕಿ ತಣ್ಣಗಿನ ಟೈರಿನದ್ದು, ಓಡುವಾಗ ಏರುವುದನ್ನು ಲೆಕ್ಕ ಹಿಡಿದೇ ಬರೆದಿರುತ್ತಾರೆ. ಗಾಳಿ ಇಳಿಸಿದರೆ ಟೈರಿನ ಬದಿ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಏಳುತ್ತದೆ, ತಂತಿ ಮುರಿಯಲು ಅತ್ತಿತ್ತ ಬಗ್ಗಿಸುತ್ತೇವಲ್ಲ, ಹಾಗೆ. ಆ ಬಾಗುವಿಕೆಯಿಂದಲೇ ಇನ್ನಷ್ಟು ಬಿಸಿ. ನಮ್ಮದರಲ್ಲಿ ಎಲ್ಲ ಕೂಡಿ ಬಂದಿತ್ತು: ಒಣಗಿದ ರಬ್ಬರು, ಕಡಿಮೆ ಗಾಳಿ, ಆರು ಜನ, ಕಾದ ಡಾಂಬರು. ಪೂರ್ತಿ ಜನ ಕೂತಾಗ ಇಷ್ಟು ಹೆಚ್ಚು ಹಾಕಿ ಅಂತ ಅದೇ ಸ್ಟಿಕರಿನಲ್ಲಿ ಬೇರೆ ಅಂಕಿ ಇದೆ. ಅದನ್ನೂ ಆ ದಿನವೇ ನೋಡಿದ್ದು.

ಹೊಸ ಟೈರು ಕೊಳ್ಳಲು ಹೋದದ್ದು ಇನ್ನೊಂದು ಕಥೆ. ಅಂಗಡಿಯವರು ತಂದು ಮುಂದಿಟ್ಟದ್ದು ತಯಾರಾಗಿ ಎರಡು ವರ್ಷ ದಾಟಿದ್ದು. "ಇದರ ಡೇಟ್ ಹಳೇದಲ್ಲಣ್ಣಾ" ಅಂದೆ. ಅವರು ನನ್ನನ್ನು ನೋಡಲಿಲ್ಲ, ನಮ್ಮ ಯಜಮಾನರನ್ನು ನೋಡಿ "ಸಾರ್, ಟೈರಿಗೆಲ್ಲ ಎಕ್ಸ್‌ಪೈರಿ ಇರಂಗಿಲ್ಲ, ಇದೇನ್ ಗುಳಿಗಿ ಏನ್ರಿ" ಅಂದರು. ಎಕ್ಸ್‌ಪೈರಿ ಅಂತ ಅಚ್ಚು ಹಾಕಿರುವುದಿಲ್ಲ, ಒಪ್ಪುತ್ತೇನೆ. ಆದರೆ ಐದು ವರ್ಷದ ಮೇಲೆ ವರ್ಷವರ್ಷ ತೋರಿಸಿ, ಹತ್ತು ದಾಟಿದ್ದನ್ನು ಬಟನ್ ಎಷ್ಟೇ ಇರಲಿ ಬಿಚ್ಚಿಬಿಡಿ ಅಂತ ಟೈರು ಮಾಡುವವರಲ್ಲೇ ಹಲವರು ಹೇಳುತ್ತಾರೆ. ಕೊನೆಗೆ ಒಳಗಿಂದ ಮೂರು ತಿಂಗಳ ಹಿಂದಿನ ಮಾಲು ಬಂತು, ಅದೇ ದರಕ್ಕೆ. ಸ್ಟೆಪ್ನಿಗೂ ಸೇರಿಸಿ ಐದು ತಗೊಂಡೆವು, ₹21,000. ಇನ್ಶೂರೆನ್ಸಿನವರನ್ನು ಕೇಳಿದ್ದೂ ಆಯಿತು. ಕಾರಿಗೆ ಪೆಟ್ಟಾಗದೆ ಬರೀ ಟೈರು ಹೋದರೆ ಏನೂ ಸಿಗುವುದಿಲ್ಲ, ಕಾರಿನ ಜೊತೆಗೆ ಹೋಗಿದ್ದರೂ ಅರ್ಧವೇ.

ಸರ್ವಿಸ್ ಸೆಂಟರಿನವರು ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ನಾನೂ ಕೇಳಿದೆ. ಎರಡು ವರ್ಷದ ಹಿಂದೆ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ ಬಿಲ್ಲು ನನ್ನ ಹತ್ತಿರ ಇದೆ. ಇಂಜಿನ್ ಡಿಕಾರ್ಬನೈಸಿಂಗ್, ಒಳಗೆ ಸುಗಂಧದ ಕ್ಲೀನಿಂಗ್, ಪಾಲಿಶ್, ಇಲಿ ಬಾರದ ಹಾಗೆ ಸ್ಪ್ರೇ. (ಇಲಿ ಬಂತು. ಸ್ಪ್ರೇ ಹೊಡೆದ ಎರಡೇ ತಿಂಗಳಿಗೆ ವೈರ್ ಕಡಿಯಿತು. ಈಗ ಅತ್ತೆಯವರು ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಗಂಟು ಇಟ್ಟಿದ್ದಾರೆ, ಸದ್ಯಕ್ಕೆ ಶಾಂತಿ.) ಟೈರಿನ ಸಾಲಿನಲ್ಲಿ "ಓಕೆ" ಅಂತ ಟಿಕ್ ಹಾಕಿದ್ದರು. ಬಟನ್ ಅಳೆದಿರಬಹುದು. ಕಾರಿನ ಟೈರಿಗೆ 1.6 ಮಿ.ಮೀ.ಗಿಂತ ಕಡಿಮೆಯಾದರೆ ಬದಲಾಯಿಸಬೇಕು ಅನ್ನುವ ಲೆಕ್ಕದಲ್ಲಿ ನಮ್ಮದು ಪಾಸ್.

ಹಾಗಂತ ಮೂಲೆಯ ಗ್ಯಾರೇಜಿನ ಚಾಚಾ ದೇವರು ಅಂತಲೂ ಬರೆಯುವುದಿಲ್ಲ. ಚಾಚಾ ಸದ್ದು ಕೇಳಿಯೇ ಯಾವ ಬೇರಿಂಗ್ ಅಂತ ಹೇಳುತ್ತಾರೆ, ಆದರೆ ಕೂಲೆಂಟ್ ಕಡಿಮೆ ಇದ್ದರೆ ಪೈಪು ಹಿಡಿದು ಬೋರ್ ನೀರು ತುಂಬಿಸಿಬಿಡುತ್ತಾರೆ. ನಮ್ಮೂರ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ? ಗೀಸರ್ ಕಾಯಿಲ್ ಬಿಚ್ಚಿ ನೋಡಿದ್ದೀರಲ್ಲ? ಅದೇ ಸುಣ್ಣ ರೇಡಿಯೇಟರಿನ ಕೂದಲೆಳೆಯಂಥ ನಾಳಗಳಲ್ಲೂ ಕೂರುತ್ತದೆ. ಡಿಸ್ಟಿಲ್ಡ್ ವಾಟರಿನ ಕ್ಯಾನ್ ಒಂದನ್ನು ಈಗ ನಾನೇ ಒಯ್ಯುತ್ತೇನೆ. "ಮ್ಯಾಡಂ ನಮ್ಮ ನೀರ್ ಬ್ಯಾಡಂತಾರ" ಅಂತ ಚಾಚಾ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರಂತೆ. ತಿರುಗಲಿ.

ಬ್ಯಾಟರಿ ನಮ್ಮಲ್ಲಿ ಮೂರು ವರ್ಷಕ್ಕೆ ಮೇಲೆ ಬಾಳಿದ್ದಿಲ್ಲ. ಬಿಸಿಲಿಗೆ ಒಳಗಿನ ಪ್ಲೇಟು ಬೇಗ ತಿಂದುಹೋಗುತ್ತವೆ. ಅದರ ಮೇಲೆ ಎರಡು ಕಿಲೋಮೀಟರ್ ಓಡಾಟದಲ್ಲಿ ಸೆಲ್ಫ್ ಹೊಡೆಯಲು ತೆಗೆದಷ್ಟನ್ನು ವಾಪಸ್ ತುಂಬಲು ಪುರಸತ್ತೂ ಸಿಗುವುದಿಲ್ಲ. ರಾತ್ರಿ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಮೀಟರಿಗೆ ಮುನ್ನೂರು ರೂಪಾಯಿಯೂ ಆಗುವುದಿಲ್ಲ.

ಬ್ರೇಕ್ ಆಯಿಲ್ ಅಂತೂ ನಮ್ಮ ಕಾರಿನಲ್ಲಿ 2014ರದ್ದೇ ಇತ್ತು. ಅದು ಗಾಳಿಯ ತೇವ ಹೀರುತ್ತ ಹೋಗುತ್ತದೆ, ಓಡಿಸಿದರೂ ನಿಲ್ಲಿಸಿದರೂ. ಡಾಟ್ 3 ಅನ್ನುವ ಆಯಿಲ್ ಹೊಸದಿದ್ದಾಗ 205 ಡಿಗ್ರಿಗೆ ಕುದಿಯುವಂಥದ್ದು, ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ರಾಯಚೂರಿನ ಸಪಾಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಯುಗಾದಿಗೆ ಶ್ರೀಶೈಲಕ್ಕೆ ಹೋಗಿ ಘಾಟಿ ಇಳಿಯುತ್ತೀರಲ್ಲ, ಅಲ್ಲಿ ಬ್ರೇಕ್ ಕಾದು ಆಯಿಲ್ ಕುದ್ದರೆ ಪೆಡಲ್ ಬೆಣ್ಣೆಯ ಹಾಗೆ ನೆಲಕ್ಕೆ ಹೋಗುತ್ತದೆ. ನಾವು ಅದೇ ಆಯಿಲಿನಲ್ಲಿ ಎರಡು ಸಲ ಆ ಘಾಟಿ ಇಳಿದಿದ್ದೇವೆ. ಈಗ ನೆನೆಸಿಕೊಂಡರೆ ಅಂಗೈ ಬೆವರುತ್ತದೆ.

ಎಸಿ ತಣ್ಣಗಾಗದಿದ್ದರೆ ಗ್ಯಾಸ್ ತುಂಬಿಸುವ ಮುಂಚೆ ಮುಂದಿನ ಜಾಲರಿ ನೋಡಿ. ಹತ್ತಿ ಸೀಸನ್ನಿನಲ್ಲಿ ಗಂಜಿನ ಸುತ್ತ ಓಡಾಡಿದ ಕಾರಿನಲ್ಲಿ ಆ ಜಾಲರಿಯ ಹಿಂದಿನ ಕಂಡೆನ್ಸರಿಗೆ, ಅಂದರೆ ಎಸಿಯ ಬಿಸಿ ಹೊರಹಾಕುವ ಭಾಗಕ್ಕೆ, ಹತ್ತಿ ಎಳೆ, ಅದರ ಮೇಲೆ ಧೂಳು ಕೂತು ಕಂಬಳಿಯಾಗಿರುತ್ತದೆ. ನಮ್ಮದನ್ನು ಮೆಲ್ಲಗೆ ನೀರು ಬಿಟ್ಟು ತೊಳೆದದ್ದಕ್ಕೇ ಗ್ಯಾಸಿನ ದುಡ್ಡು ಉಳಿಯಿತು.

ಪೆಟ್ರೋಲಿನಲ್ಲಿ ಎಥನಾಲ್ ಸೇರಿಸಿದ್ದಕ್ಕೇ ಎಲ್ಲ ಹಾಳಾಯಿತು ಅನ್ನುವವರು ಬಹಳ. 20 ಶೇಕಡಾ ಎಥನಾಲ್ ಲೆಕ್ಕದಲ್ಲಿ ಮಾಡಿದ ಕಾರುಗಳು ಬಂದದ್ದು 2023ರ ಆಸುಪಾಸಿಗೆ, ನಮ್ಮದು ಅದಕ್ಕಿಂತ ಬಹಳ ಹಳೆಯದು, ಹಾಗಾಗಿ ನನಗೂ ಆತಂಕ ಇದೆ. ಇಂಥ ಕಾರುಗಳಲ್ಲಿ ಮೈಲೇಜ್ ಆರೇಳು ಶೇಕಡಾ ಇಳಿಯಬಹುದು ಅಂತ 2021ರಲ್ಲೇ ನೀತಿ ಆಯೋಗದ ವರದಿ ಹೇಳಿತ್ತು. ನಾನು ಮಾಡಿದ್ದಿಷ್ಟು: ಹಳೆಯ ರಬ್ಬರ್ ಪೈಪು ಬದಲಾಯಿಸಿದೆ, ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಟ್ಯಾಂಕಿನಲ್ಲಿ ನಿಲ್ಲದ ಹಾಗೆ ಓಡಿಸುತ್ತೇನೆ. ಎಥನಾಲ್ ಕೂಡ ತೇವ ಹೀರುವ ಜಾತಿಯೇ.

ಕಾಗದಪತ್ರದವರು ಮಾತ್ರ ಮೊದಲಿಂದಲೂ ತಾರೀಖನ್ನೇ ನಂಬಿದವರು. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಮೂವತ್ತು ಸಾವಿರ ಓಡಿರಲಿ ಮೂರು ಲಕ್ಷ ಓಡಿರಲಿ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ ₹600ರಿಂದ ₹5,000ಕ್ಕೆ ಏರಿತು. ಇನ್ಶೂರೆನ್ಸ್ ಮುಗಿದು 90 ದಿನ ಸುಮ್ಮನಿದ್ದರೆ ಕ್ಲೇಮ್ ಮಾಡದ್ದಕ್ಕೆ ವರ್ಷವರ್ಷ ಕೂಡಿಸಿದ ಪ್ರೀಮಿಯಂ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ಸೂ ಹೋಯಿತು. ನಮ್ಮ ಮೈದುನನದ್ದು ಹಾಗೇ ಹೋಗಿದೆ, 50 ಶೇಕಡಾ ಇದ್ದದ್ದು.

ನಮ್ಮ ಮನೆಯಲ್ಲಿ ತಾರೀಖಿನ ಲೆಕ್ಕ ಇಡಲು ಬಾರದವರು ಯಾರೂ ಇಲ್ಲ. ಅತ್ತೆಯವರು ಸಿಲಿಂಡರ್ ಹಚ್ಚಿದ ದಿನ, ಹಾಲು ಬಿಟ್ಟ ದಿನ ಎಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಅದರಲ್ಲೇ ಈಗ ಕೆಂಪು ಪೆನ್ನಿನಲ್ಲಿ ಆಯಿಲ್, ಬ್ರೇಕ್, ಎಮಿಷನ್ ಟೆಸ್ಟ್ ಬರೆದಿದ್ದೇನೆ. ಗಾಳಿಗೆ ಮಾತ್ರ ಏನೂ ಬರೆದಿಲ್ಲ. "ಮಾವಾ, ಅಮಾಸಿ ಪೂಜೆಕ್ಕಿಂತ ಮುಂಚೆ ಬಂಕಿಗೆ ಒಂದ್ ಸುತ್ತು ಹೋಗಿ ಬರ್ರಿ, ಬೆಳಿಗ್ಗೆ ಟೈರು ತಣ್ಣಗಿರ್ತದ" ಅಂತ ಒಂದು ಸಲ ಅಂದೆ ಅಷ್ಟೇ. ಅವರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ.

ಹೋದ ಅಮಾವಾಸ್ಯೆಗೆ ಆರೂವರೆಗೇ ಕಾರು ಗೇಟು ದಾಟಿದ ಸದ್ದು ಕೇಳಿತು. ಏಳಕ್ಕೆ ವಾಪಸ್ ಬಂದು, ತೊಳೆದು, ಕಾಯಿ ಒಡೆದರು. ನಾನು ಸ್ಕೂಲ್ ಬ್ಯಾಗು ಇಡಲು ಡಿಕ್ಕಿ ತೆಗೆದು ನೋಡಿದರೆ, ಒಳಗೆ ಮಲಗಿದ್ದ ಸ್ಟೆಪ್ನಿಗೂ ಕುಂಕುಮ ಹಚ್ಚಿದ್ದರು.