ಟಿಕೆಟ್ ಕೊಟ್ಟೆ, ರಜೆ ಕೊಡಲಿಲ್ಲ

ಐಪಿಎಲ್ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ತಿರುಗಾಡಲು ಶುರುವಾಗುತ್ತದೆ. ನಿಮ್ಮ ಹತ್ತಿರ ಉಳಿದ ಟಿಕೆಟ್ ಇದ್ದರೆ ಹಾಳು ಮಾಡಬೇಡಿ, ಕೊಳ್ಳಲಾಗದವರಿಗೆ ಕೊಡಿ ಅಂತ. ಒಳ್ಳೆಯ ಮಾತೇ. ನಾನೂ ನಾಲ್ಕು ಗ್ರೂಪಿಗೆ ದಾಟಿಸಿದವನೇ. ಆದರೆ ದಾಟಿಸುವಾಗೆಲ್ಲ ನಮ್ಮ ಅಂಗಡಿ ಗಲ್ಲೆಯ ತಳದಲ್ಲಿ ಬಿದ್ದಿರುವ ಎರಡು ಟಿಕೆಟ್ ನೆನಪಾಗಿ ಮನಸ್ಸು ಕಸಿವಿಸಿ ಆಗುತ್ತದೆ. ಇವತ್ತು ಅದನ್ನು ಬರೆದೇ ಬಿಡುತ್ತೇನೆ.

2023ರ ಏಪ್ರಿಲ್ 2, ಭಾನುವಾರ. ಚಿನ್ನಸ್ವಾಮಿ ಸ್ಟೇಡಿಯಂ, ಆರ್‌ಸಿಬಿ–ಮುಂಬೈ. ಕೊರೊನಾ ಗದ್ದಲದಲ್ಲಿ 2019ರ ನಂತರ ಬೆಂಗಳೂರಿಗೆ ಐಪಿಎಲ್ ಬಂದಿರಲೇ ಇಲ್ಲ. ನಾಲ್ಕು ವರ್ಷ ಹಸಿದ ಮಂದಿ. ಬೆಂಗಳೂರಿನ ಷಡ್ಡಕ ಹೇಗೋ ಮಾಡಿ ಎರಡು ಟಿಕೆಟ್ ತೆಗೆದು, ನಾನು ಅವಸರ ಮಾಡಿದ್ದಕ್ಕೆ ಕೊರಿಯರ್‌ನಲ್ಲಿ ಕಳಿಸಿದ್ದ. ಎರಡಕ್ಕೂ ಸೇರಿ ಆರು ಸಾವಿರದ ಮೇಲೆ. ಶನಿವಾರ ಮುಂಜಾನೆ ನಮ್ಮ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಎಲುಬು. ಮ್ಯಾಚು ಅಲ್ಲಿಗೆ ಮುಗಿಯಿತು.

ಹುಬ್ಬಳ್ಳಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕಾಯಿಲ್ ಸುತ್ತುವ ಹುಡುಗನೊಬ್ಬ ಇದ್ದ, ಕುಂದಗೋಳ ಕಡೆಯವನು. ದುರ್ಗದ ಬೈಲಿನಲ್ಲಿ ಕೊಂಡ, ಕೊಹ್ಲಿಯ 18 ನಂಬರಿನ ಕೆಂಪು ಟೀ ಶರ್ಟು ಬಿಟ್ಟರೆ ಅವನ ಮೈಮೇಲೆ ಬೇರೆ ಅಂಗಿ ನೋಡಿದ ನೆನಪಿಲ್ಲ. ಸಂಜೆ ವಾರದ ಪಗಾರದ ಜೊತೆ ಎರಡೂ ಟಿಕೆಟ್ ಅವನ ಕೈಗಿಟ್ಟೆ. "ತಗೋ ಲೇ, ಗೆಳೆಯನ್ನ ಕರಕೊಂಡು ನಿನ್ನ ದೇವರನ್ನ ನೋಡಿ ಬಾ. ಸೋಮವಾರ ಮುಂಜಾನೆ ಒಂಬತ್ತಕ್ಕ ಮಾತ್ರ ಅಂಗಡ್ಯಾಗ ಇರಬೇಕ ನೋಡು, ಎರಡು ಮೋಟಾರ್ ಅರ್ಜೆಂಟ್ ಅದಾವು."

ಅವತ್ತು ರಾತ್ರಿ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದರೂ ನಾನು ಒಳಗೊಳಗೇ ದಾನಶೂರ ಕರ್ಣ.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ಬಂದ. "ಹೆಂಗಿತ್ತಲೇ?" ಅಂದೆ. "ಭಾರಿ ಇತ್ರೀ ಸಾವ್ಕಾರ್ರ. ಕೊಹ್ಲಿ ಹೊಡದದ್ದ ಹೊಡದದ್ದು!" ಅಂದ. ಹೌದು, ಕೊಹ್ಲಿ ಔಟಾಗದೆ 82, ಡು ಪ್ಲೆಸಿ 73, 172 ರನ್ನನ್ನು 16.2 ಓವರಿನಲ್ಲಿ ಮುಗಿಸಿದ್ದರು. ಎಲ್ಲ ಸರಿಯಾಗಿ ವರ್ಣಿಸಿದ. ಒಂದು ಬಾಲೂ ತಪ್ಪಿಲ್ಲ. ನಿಜವಾಗಿ ಸ್ಟೇಡಿಯಂನಲ್ಲಿ ಕೂತವನಿಗೆ ಅಷ್ಟು ಚೊಕ್ಕ ಕಾಣುವುದಿಲ್ಲ ಅಂತ ಆಗಲೇ ನನಗೆ ಹೊಳೆಯಬೇಕಿತ್ತು.

ಪಂಚಮಿ ಹೊತ್ತಿಗೆ, ಏನೋ ಮಾತಿಗೆ ಮಾತು ಬಂದು, ಚಾದಂಗಡಿಯವನು ನಕ್ಕ. "ಅಂವ ಎಲ್ಲಿ ಬೆಂಗಳೂರಿಗೆ ಹೋಗಿದ್ದನ್ರೀ? ನಮ್ಮ ಕಟ್ಟಿ ಮ್ಯಾಲ ಕುಂತು ಮೊಬೈಲ್‌ನ್ಯಾಗ ನೋಡಿದ."

ಹುಡುಗನನ್ನು ಕೇಳಿದೆ. ಮೊದಲು ತಲೆ ತಗ್ಗಿಸಿದ. ಆಮೇಲೆ ಲೆಕ್ಕ ಹೇಳಿದ. ಇಬ್ಬರು ಜನರಲ್ ಬೋಗಿಯಲ್ಲೇ ನಿಂತು ಹೋದರೂ ಹೋಗಿಬರುವ ಖರ್ಚು, ಎರಡು ಹೊತ್ತಿನ ಊಟ, ಒಳಗೆ ನೀರಿಗೂ ರೊಕ್ಕ. ರಾತ್ರಿ ಏಳೂವರೆಯ ಮ್ಯಾಚು ಮುಗಿಯುವುದು ಹನ್ನೊಂದಕ್ಕೆ. ಆ ಮೇಲೆ ಗುರುತಿಲ್ಲದ ಊರಲ್ಲಿ ಎಲ್ಲಿ ಹೋಗೋದು? "ಎಲ್ಲಾ ಕೂಡಿಸಿದ್ರ ನನ್ನ ವಾರದ ಪಗಾರ ಆಕ್ಕಿತ್ರೀ. ಮತ್ತ ನೀವು ಸೋಮವಾರ ಒಂಬತ್ತಕ್ಕ ಬಾ ಅಂದಿದ್ರಿ."

ನಾನೂರು ಕಿಲೋಮೀಟರ್ ದೂರದಲ್ಲಿ ರಾತ್ರಿ ಹನ್ನೊಂದಕ್ಕೆ ಮ್ಯಾಚ್ ಮುಗಿಸಿಕೊಂಡು ಮುಂಜಾನೆ ಒಂಬತ್ತಕ್ಕೆ ಕಾಯಿಲ್ ಸುತ್ತಲು ಬಾ ಅಂದವನು ನಾನು. ನನ್ನ ಮಗನಿಗೆ ಹಾಗೆ ಹೇಳುತ್ತಿದ್ದೆನೇ?

"ಮಾರಬೇಕಿತ್ತಲ್ಲೋ ಹುಚ್ಚಾ, ಡಬಲ್ ರೇಟ್ ಕೊಟ್ಟು ತಗೋತಿದ್ರು" ಅಂದೆ. "ಕೊಟ್ಟದ್ದ ಹೆಂಗ ಮಾರೂದ್ರೀ?" ಅಂದ. ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ಟಿಕೆಟ್ ತಂದು ಗಲ್ಲೆಯ ಮೇಲಿಟ್ಟ. ಇಟ್ಟವನು ಇನ್ನೊಂದು ಮಾತು ಹೇಳಿದ. "ಮಂದೀನ ತೋರಿಸಿದಾಗೊಮ್ಮೆ ನಮ್ಮ ಎರಡು ಖುರ್ಚಿ ಎಲ್ಲೆರ ಖಾಲಿ ಕಾಣತಾವೇನು ಅಂತ ನೋಡತಿದ್ದೆರೀ."

ಅವತ್ತಿನಿಂದ ಉಳಿದ ಟಿಕೆಟ್ ದಾನದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ನಾವು ಕೊಡುವುದು ಟಿಕೆಟ್ಟು. ಅವರ ಹತ್ತಿರ ಇಲ್ಲದಿರುವುದು ಟಿಕೆಟ್ಟೊಂದೇ ಅಲ್ಲ. ದಾರಿ ಖರ್ಚಿಲ್ಲ, ರಜೆ ಇಲ್ಲ, ಜೊತೆಗೆ ಹೋಗುವ ತಿಳಿದ ಮನುಷ್ಯ ಇಲ್ಲ. ಮ್ಯಾಚಿನ ಹಿಂದಿನ ಸಂಜೆ, ನಮಗೆ ಹೋಗಲಾಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಕೊಡುವುದು ಉಂಡು ಉಳಿದ ಅನ್ನ ಕೊಟ್ಟ ಹಾಗೆ. ಹಳಸುವುದರೊಳಗೆ ತಿನ್ನುವ ತ್ರಾಸು ಅವರದು. ಕೊಟ್ಟ ಸಮಾಧಾನ ಮಾತ್ರ ನಮ್ಮದು. ನಾನು ಅವಸರ ಮಾಡಿ ಕೊರಿಯರ್ ತರಿಸದೆ ಟಿಕೆಟ್ ಅಲ್ಲೇ ಬಿಟ್ಟಿದ್ದರೆ ಷಡ್ಡಕನ ಅಪಾರ್ಟ್‌ಮೆಂಟಿನ ವಾಚ್‌ಮನ್ ಸಿಟಿ ಬಸ್ಸಿನಲ್ಲೇ ಹೋಗಿಬರುತ್ತಿದ್ದ. ಅವನೂ ಗದಗ ಕಡೆಯವನೇ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಭಾಗದಲ್ಲಿ ಆಟಕ್ಕಿಂತ ದೂರ ತುಟ್ಟಿ. ನೋಡುವವರಿಗಷ್ಟೇ ಅಲ್ಲ, ಆಡುವವರಿಗೂ. ಭಾರತ ತಂಡದ ಸ್ಪಿನ್ ಬೌಲರ್ ಆಗಿದ್ದ ಗದಗಿನ ಸುನೀಲ್ ಜೋಶಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಬೆಳಗಿನ ಹೊತ್ತು ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಹೋಗುತ್ತಿದ್ದರಂತೆ. ಹೆಚ್ಚುಕಡಿಮೆ 60 ಕಿಲೋಮೀಟರ್, ಒಂದು ಕಡೆಗೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಅಂತ ಓದಿದಾಗ ನಾವು ಕುಣಿದಾಡಿದ್ದೆವು. ಆ ಓಡಾಟದ ಖರ್ಚು, ತ್ರಾಸು ಮಾತ್ರ ಯಾವ ಸ್ಕೋರ್ ಕಾರ್ಡಿನಲ್ಲೂ ಇಲ್ಲ.

ಇನ್ನು ಪಾಸಿನ ವಿಷಯ. ಇದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಒಮ್ಮೆ ನಮ್ಮ ಕಡೆಯೇ ಒಂದು ಹೊನಲು ಬೆಳಕಿನ ಕಬಡ್ಡಿ. ಮುಂದಿನ ಸಾಲಿಗೆ ಬಿಳಿ ಟವೆಲ್ ಹೊದಿಸಿದ ಸೋಫಾಗಳು, ಅವೆಲ್ಲ ಪಾಸಿನವರಿಗೆ. ರಾತ್ರಿ ಹತ್ತಾದರೂ ಅರ್ಧ ಖಾಲಿ. ಗ್ಯಾಲರಿ ಟಿಕೆಟ್ಟಿಗೆ ರೊಕ್ಕ ಇಲ್ಲದ ಹುಡುಗರು ಕಂಪೌಂಡಿನ ಮೇಲೆ ಹಕ್ಕಿಗಳ ಹಾಗೆ ಕೂತಿದ್ದರು. ಪೊಲೀಸರು ಲಾಠಿ ಬೀಸಿದರೆ ಹಾರುವುದು, ಮತ್ತೆ ಬಂದು ಕೂರುವುದು. ನಾನೆಲ್ಲಿದ್ದೆ ಅಂತೀರಾ? ಸೋಫಾದ ಮೇಲೆ. ಸಂಘಟಕರ ಮೋಟಾರ್ ರಿಪೇರಿ ಮಾಡಿದ್ದಕ್ಕೆ ಸಿಕ್ಕ ಪಾಸು. ಕೊಂಡು ನೋಡುವ ತಾಕತ್ತು ಇದ್ದವರಿಗೇ ಪುಕ್ಕಟೆ ಸಿಗುವುದು ನಮ್ಮ ಊರಿನ ಹಳೆಯ ರೂಢಿ. ದಾನ ಮಾಡಬೇಕೆನ್ನುವವರು ಮೊದಲು ಈ ಪಾಸುಗಳಿಂದ ಶುರು ಮಾಡಲಿ. ದುಡ್ಡು ಕೊಟ್ಟು ತಗೊಂಡ ಟಿಕೆಟ್ಟಿಗಿಂತ ಇವೇ ಹೆಚ್ಚು ಹಾಳಾಗುವುದು.

ಅಂದಹಾಗೆ ಐಪಿಎಲ್ ಟಿಕೆಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ ಶೇಕಡಾ 40ಕ್ಕೆ ಏರಿದೆ. ಕ್ಯಾಸಿನೊ, ರೇಸ್‌ಕೋರ್ಸ್ ಇರುವ ಸಾಲಿಗೇ ಸೇರಿಸಿದ್ದಾರೆ. 500ರ ಟಿಕೆಟ್ಟು 700. ಕೊಳ್ಳಲಾಗದವರ ಸಾಲು ಇನ್ನೂ ಉದ್ದವಾಯಿತು, ಅಷ್ಟೇ.

ಹಾಗಂತ ಮೈಕು ಹಿಡಿದು ಪುಕ್ಕಟೆ ಅಂತ ಕೂಗುವುದೂ ಬೇಡ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಮರುದಿನ. ಉಚಿತ ಪಾಸ್ ಇದೆ, ಒಳಗೆ ಬಿಡುತ್ತಾರೆ ಅನ್ನುವ ಸುದ್ದಿ ನಂಬಿ ಬಂದವರೂ ಆ ಗುಂಪಿನಲ್ಲಿದ್ದರು. ಯಾರ ಕೈಗೆ, ಯಾವ ಗೇಟು, ಎಷ್ಟು ಮಂದಿ ಅನ್ನುವ ಲೆಕ್ಕವಿಲ್ಲದೆ ಬಿಟ್ಟಿ ಅನ್ನುವ ಶಬ್ದವನ್ನು ಗಾಳಿಗೆ ಬಿಡಬಾರದು.

ಈಗ ನಾವು ಐದಾರು ಅಂಗಡಿಯವರು ಮಾಡುವುದು ಇಷ್ಟೇ. ಟಿಕೆಟ್ ಉಳಿಯಬಹುದು ಅನ್ನಿಸಿದ ದಿನವೇ ಸರ್ಕಾರಿ ಶಾಲೆಯ ಪಿ.ಟಿ. ಮಾಸ್ತರರಿಗೆ ಫೋನ್ ಮಾಡುತ್ತೇವೆ. ಯಾವ ಹುಡುಗಿ ಬರಿಗಾಲಲ್ಲಿ ಖೋ ಖೋ ಆಡುತ್ತಾಳೆ, ಯಾವ ಹುಡುಗನ ಮನೆಯಲ್ಲಿ ಕಳಿಸುತ್ತಾರೆ, ಯಾರ ಮನೆಯಲ್ಲಿ ಕಳಿಸುವುದಿಲ್ಲ, ಅವರಿಗೆ ಗೊತ್ತು. ಟಿಕೆಟ್ಟಿನ ಜೊತೆ ಬಸ್ ಚಾರ್ಜು, ಬುತ್ತಿ, ಒಬ್ಬ ದೊಡ್ಡವರು. ಇಷ್ಟು ಕೊಡಲಾಗದಿದ್ದರೆ ಟಿಕೆಟ್ಟೂ ಕೊಡುವುದಿಲ್ಲ. ಬ್ಯಾನರ್ ಹಿಡಿಸಿ ಫೋಟೋ ತೆಗೆಯುವ ಚಟ ನಮ್ಮಲ್ಲೊಬ್ಬರಿಗಿತ್ತು, ಜಗಳಾಡಿ ಬಿಡಿಸಿದೆವು. ಅವರು ಈಗಲೂ ಸಿಟ್ಟಲ್ಲಿದ್ದಾರೆ, ಇರಲಿ.

ಹುಡುಗನ ಸಾಲ ನಾನು ತೀರಿಸಿದ್ದು 2024ರ ಜನವರಿಯಲ್ಲಿ. ನಮ್ಮ ಹುಬ್ಬಳ್ಳಿಯ ರಾಜನಗರ ಸ್ಟೇಡಿಯಂನಲ್ಲಿ ಕರ್ನಾಟಕದ ರಣಜಿ ಮ್ಯಾಚು, ಪಂಜಾಬ್ ವಿರುದ್ಧ. ಗೇಟಿನಲ್ಲಿ ಯಾರೂ ಟಿಕೆಟ್ ಕೇಳಲಿಲ್ಲ. ಹಾಗಾದರೆ ನಾನು ಕೊಟ್ಟದ್ದೇನು? ಶನಿವಾರದ ರಜೆ, ಪಗಾರ ಹಿಡಿಯದೆ. ಊರಿಂದ ಅವನ ಇಬ್ಬರು ತಂಗಿಯರೂ ಬಂದಿದ್ದರು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ದೇವದತ್ತ ಪಡಿಕ್ಕಲ್ ಆಡುತ್ತಲೇ ಇದ್ದ, ಮನೀಶ್ ಪಾಂಡೆ ಸೆಂಚುರಿ ಹೊಡೆದ. ಬಾಲ್ ಬ್ಯಾಟಿಗೆ ತಾಗಿದ ಸಪ್ಪಳ ನಾವು ಕೂತಲ್ಲಿಗೆ ಕೇಳುತ್ತಿತ್ತು. ಮೊಬೈಲ್‌ನಲ್ಲಿ ಇದು ಕೇಳುವುದಿಲ್ಲ ಅಂತ ಹುಡುಗ ಎರಡು ಸಲ ಹೇಳಿದ. ಪಡಿಕ್ಕಲ್ 193ಕ್ಕೆ ಔಟಾದಾಗ ಸಣ್ಣ ತಂಗಿ, "ಇನ್ನೂರಕ್ಕ ಏಳ ರನ್ ಅಲ್ಲೇನಣ್ಣಾ, ಅಂಪೈರ್ ಕೊಟ್ಟು ಬಿಡಾಕ ಬರಂಗಿಲ್ಲೇನು?" ಅಂದಳು.

ಸಂಜೆ ಮೂವರನ್ನೂ ಕುಂದಗೋಳ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ತಂಗಿಯರ ಕೈಗೆ ಎರಡು ಶೂನ್ಯ ಟಿಕೆಟ್ ಕೊಟ್ಟ. ಸಣ್ಣಾಕಿ ಅದನ್ನು ಕಿಟಕಿಯಿಂದ ನನಗೆ ತೋರಿಸಿ ನಕ್ಕಳು. ನಮ್ಮ ಹುಡುಗ ಮಾತ್ರ ಕೆಂಪು ಟೀ ಶರ್ಟಿನ ಮೇಲಿನ ಜಾಕೀಟಿನ ಕಿಸೆಯಲ್ಲಿ ಚಿಲ್ಲರೆ ಹುಡುಕುತ್ತಿದ್ದ.