ಐದಕ್ಕೇ ಬೀಗ ಹಾಕಿದರೆ ಚಿತ್ರ ನೋಡೋದು ಯಾವಾಗ?

ಕೊಪ್ಪಳಕ್ಕೆ ವರ್ಣಚಿತ್ರಗಳು ಬಂದಿದ್ದವು. ಬೆಂಗಳೂರಿನ ಒಂದು ಸರ್ಕಾರಿ ಸಂಗ್ರಹದಿಂದ ಆರಿಸಿ ಊರೂರಿಗೆ ಕಳಿಸುವ ಪ್ರದರ್ಶನ. ಎಲ್ಲ ನಮ್ಮ ನಾಡಿನ ಈ ಕಾಲದ ಕಲಾವಿದರ ಕೆಲಸ. ಮೂರು ದಿನ ಇತ್ತು, ಹೋಯಿತು. ನನ್ನ ಶಾಲೆಯ ಒಂದು ಮಗುವೂ ಒಳಗೆ ಕಾಲಿಡಲು ಆಗಲಿಲ್ಲ. ಹೊಟ್ಟೆ ಉರಿಯುತ್ತಿದೆ.

ನಾನು ಕೊಪ್ಪಳದ ಹತ್ತಿರದ ಕಿನ್ನಾಳದ ಕಡೆ ಡ್ರಾಯಿಂಗ್ ಮೇಷ್ಟ್ರು. ಕೆ.ಕೆ. ಹೆಬ್ಬಾರ್, ಬಾದಾಮಿಯ ಆರ್.ಎಂ. ಹಡಪದ ಅಂತ ನಮ್ಮ ನಾಡಿನ ಚಿತ್ರಕಾರರ ಪಾಠ ಹೇಳುತ್ತೇನೆ. ಚಿತ್ರ ತೋರಿಸೋದು ಮಾತ್ರ ನನ್ನ ಮೊಬೈಲಿನಲ್ಲಿ. ಬಣ್ಣ ಎಲ್ಲಿ ದಪ್ಪ ಬಿದ್ದಿದೆ, ಕುಂಚ ಯಾವ ಕಡೆ ಎಳೆದಿದ್ದಾರೆ, ಅಷ್ಟು ಸಣ್ಣದರಲ್ಲಿ ಏನು ಗೊತ್ತಾಗುತ್ತದೆ? ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, ನಿಜ. ಇಲ್ಲಿಂದ ಸುಮಾರು 350 ಕಿಲೋಮೀಟರ್. ಕೂಲಿಗೆ ಹೋಗುವವರ ಮಕ್ಕಳು ಅಲ್ಲಿಗೆ ಹೇಗೆ ಹೋಗಬೇಕು? ಅದಕ್ಕೇ ಅಲ್ವಾ ಚಿತ್ರಗಳನ್ನೇ ಊರಿಗೆ ಕಳಿಸೋದು?

ಮಂಗಳವಾರದಿಂದ ಗುರುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಮೊದಲ ದಿನ ಅರ್ಧ ಉದ್ಘಾಟನೆ, ಹಾರ, ಭಾಷಣಕ್ಕೇ ಹೋಯಿತು. ಆಮಂತ್ರಣ ನನ್ನ ಮೊಬೈಲಿಗೆ ಬಂದದ್ದು ಎರಡನೇ ದಿನ ಸಂಜೆ. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಗೊತ್ತಲ್ಲ. ಜನ ಮನೆಯಿಂದ ಹೊರಗೆ ಬರೋದೇ ಐದರ ಮೇಲೆ. ಅಂಗಡಿಯವರು, ಹೊಲಕ್ಕೆ ಹೋದವರು, ಶಾಲೆ ಮಕ್ಕಳು, ಯಾರಿಗೆ ಬಿಡುವಿರುತ್ತದೆ ಐದರೊಳಗೆ?

ಗುರುವಾರ ಗಂಟೆ ಹೊಡೆದ ತಕ್ಷಣ ಎಂಟು ಮಕ್ಕಳನ್ನು ಟಂಟಂ ಆಟೊ ಹತ್ತಿಸಿಕೊಂಡು ಓಡಿದೆ. ಐದಕ್ಕೆ ಇನ್ನೂ ಐದು ನಿಮಿಷ ಇತ್ತು. ಆಗಲೇ ಲೈಟ್ ಆರಿಸಿ ಬಾಗಿಲು ಎಳೆಯುತ್ತಿದ್ದರು. "ಟೈಮ್ ಆತ್ರೀ ಸರ." ಹತ್ತು ನಿಮಿಷ ಕೊಡ್ರಿ ಅಂತ ಕೈ ಮುಗಿದೆ. ಮೇಲಿನವರನ್ನು ಕೇಳಬೇಕು ಅಂದರು. ಮೇಲಿನವರು ಫೋನ್ ಎತ್ತಲಿಲ್ಲ.

ಮಕ್ಕಳು ಕಿಟಕಿ ಗಾಜಿಗೆ ಮುಖ ಒತ್ತಿ ನಿಂತರು. ಒಬ್ಬ ಹುಡುಗಿಯ ಮನೆಯಲ್ಲಿ ಕಿನ್ನಾಳದ ಗೊಂಬೆ ಕೆಲಸ. ಹುಣಸೆ ಬೀಜದ ಅಂಟು ಕಲಸೋದು, ಮರಕ್ಕೆ ಬಣ್ಣ ಹಚ್ಚೋದು, ಎಲ್ಲ ನೋಡುತ್ತಲೇ ಬೆಳೆದವಳು. ಒಳಗೆ ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣದ ದೊಡ್ಡ ಚಿತ್ರ. "ಸರ, ಅದನ್ನ ಯಾತರಿಂದ ಬಳದಾರ್ರೀ?" ಅಂತ ಕೇಳಿದಳು. ನಾನು ಏನು ಹೇಳಲಿ? ಹತ್ತಿರ ಹೋಗಿದ್ದರೆ ತೋರಿಸಿ ಹೇಳುತ್ತಿದ್ದೆ.

ಇನ್ನೊಂದು ನೋಡಿ ಎದೆ ಒಡೆಯಿತು. ಪಡುವಣ ಕಿಟಕಿಯ ಬಿಸಿಲು ನೇರವಾಗಿ ಜಲವರ್ಣದ ಚಿತ್ರಗಳ ಮೇಲೆ ಬೀಳುತ್ತಿತ್ತು. ಕಾಗದದ ಮೇಲಿನ ಬಣ್ಣಕ್ಕೆ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ) ಮಂದ ಬೆಳಕು ಸಾಕು ಅನ್ನೋದು ಸಂಗ್ರಹಾಲಯದವರೇ ಪಾಲಿಸುವ ಲೆಕ್ಕ. ಬಿಸಿಲಿಗೆ ಒಮ್ಮೆ ಮಾಸಿದ ಬಣ್ಣ ಮತ್ತೆ ಬರೋದಿಲ್ಲ. ಒಂದು ಪರದೆ ಕಟ್ಟಲು ಎಷ್ಟು ಹೊತ್ತು ಬೇಕಿತ್ತು? ಜನರ ದುಡ್ಡಿನಲ್ಲಿ ಕೊಂಡ ಚಿತ್ರ ಅವು. ಆ ಹುಡುಗಿಯ ಅಪ್ಪ ಅಂಗಡಿಯಲ್ಲಿ ಕೊಟ್ಟ ತೆರಿಗೆಯೂ ಅದರಲ್ಲಿದೆ.

ಈ ಪ್ರದರ್ಶನ ಮುಂದೆ ರಾಯಚೂರಿಗೆ ಹೋಗುತ್ತದಂತೆ. ಅಲ್ಲಿನ ಮೇಷ್ಟ್ರುಗಳೇ, ಆಮಂತ್ರಣಕ್ಕೆ ಕಾಯುತ್ತಾ ಕೂರಬೇಡಿ. ಈಗಲೇ ಹೋಗಿ ಕೇಳಿ. ರಾತ್ರಿ ಎಂಟರವರೆಗೆ ತೆರೆದಿಡಿ, ಒಂದು ಭಾನುವಾರ ಸೇರಿಸಿ ಅಂತ ಬರೆದು ಕೊಡಿ, ಸಹಿ ಹಾಕಿಸಿಕೊಳ್ಳಿ. ಕಿಟಕಿಗೆ ಪರದೆ ಕಟ್ಟಿಸೋದು ಮರೆಯಬೇಡಿ.