ಆರು ಕಂಪ್ಯೂಟರ್, ಒಂದು ಸ್ವಿಚ್ಚು, ಒಂದು ಕಸಬರಿಗೆ

ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯ ಆಫೀಸಿನಲ್ಲಿ ಆರು ಕಂಪ್ಯೂಟರ್ ಇವೆ ಅನ್ನಿ. ಸಾವ್ಕಾರರ ಬೇಡಿಕೆ ಸಣ್ಣದು: "ಒಂದಕ್ಕೊಂದು ಮಾತಾಡ್ಬೇಕು ತಮ್ಮಾ, ವೈರ್ ಮಾತ್ರ ಕಮ್ಮಿ ಎಳಿ."

ವೈರು ಕಮ್ಮಿ ಅಂದರೆ ಹಳೇ ಬಸ್ ಟೋಪಾಲಜಿ (ಟೋಪಾಲಜಿ ಅಂದರೆ ಕಂಪ್ಯೂಟರುಗಳನ್ನು ಜೋಡಿಸುವ ಬಗೆ). ಟಿವಿ ಕೇಬಲ್ಲಿನ ಜಾತಿಯ ಒಂದೇ ಕೋಆಕ್ಸಿಯಲ್ ಕೇಬಲ್, ಹೆಚ್ಚೆಂದರೆ 185 ಮೀಟರ್, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್. ಬೆರಳ ತುದಿಯಷ್ಟಿರುವ ಆ ಟೊಪ್ಪಿಗೆಯನ್ನು "ಇದ್ಯಾಕ ಸುಮ್ನ ಸಿಗಿಸ್ಯಾರ" ಅಂತ ಯಾರಾದರೂ ಬಿಚ್ಚಿದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುತ್ತದೆ, ಆರೂ ಕಂಪ್ಯೂಟರಿಗೆ ಮೌನವ್ರತ. ಎಲ್ಲರನ್ನೂ ಬಳೆಯಂತೆ ಜೋಡಿಸುವ ರಿಂಗ್‌ನಲ್ಲಿ ಟೋಕನ್, ಅಂದರೆ ಮಾತಿನ ಸರದಿಯ ಚೀಟಿ, ಸುತ್ತುತ್ತದೆ; ಸನ್ಮಾನ ಸಮಾರಂಭದ ಮೈಕಿನಂತೆ, ಕೈಗೆ ಬಂದವರೇ ಮಾತಾಡಬೇಕು. ಸಾದಾ ರಿಂಗು ಒಂದು ಕಡೆ ಹರಿದರೂ ಸಭೆ ಬರಖಾಸ್ತು. ಮೆಶ್‌ನಲ್ಲಿ ಎಲ್ಲರಿಗೂ ಎಲ್ಲರ ನಂಟು: ಆರಕ್ಕೆ 15 ಕೇಬಲ್, ಹತ್ತಕ್ಕೆ 45. ಈ ಲೆಕ್ಕ ಕೇಳಿದ ಸಾವ್ಕಾರರು ಚಹಾ ಹೇಳುವುದನ್ನೂ ಮರೆಯುತ್ತಾರೆ.

ಉಳಿದದ್ದು ಸ್ಟಾರ್. ನಡುವೆ 8 ಪೋರ್ಟಿನ (ಕೇಬಲ್ ಸಿಗಿಸುವ ಕಿಂಡಿಯ) ಸ್ವಿಚ್ಚು, ಅಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವ ಡಬ್ಬಿ; ಪ್ರತಿ ಕಂಪ್ಯೂಟರಿಗೂ ಅದರದೇ ಕೇಬಲ್, 100 ಮೀಟರ್ ದಾಟಬಾರದು. ಇಲಿ ಒಂದನ್ನು ಕಡಿದರೆ ಒಂದೇ ಕೆಡುತ್ತದೆ. ಕೇಬಲ್ ತುದಿಗೆ ಕನೆಕ್ಟರ್ ಒತ್ತುವಾಗ ಒಳಗಿನ ಎಂಟು ತಂತಿಗಳ ಕ್ರಮದ ಮಂತ್ರ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿ ಯಾಕೆ ಅಗಲಬೇಕು ಅಂತ ಕನಿಕರಪಟ್ಟು ಅಕ್ಕಪಕ್ಕ ಕೂರಿಸುವವರಿದ್ದಾರೆ. ಎರಡೂ ತುದಿಗೆ ಹಾಗೇ ಕೂರಿಸಿದರೆ ಕೇಬಲ್ ಪರೀಕ್ಷಿಸುವ ಟೆಸ್ಟರಿನ ಎಂಟೂ ದೀಪ ಹತ್ತುತ್ತವೆ, ಫೈಲು ಮಾತ್ರ ಎತ್ತಿನಗಾಡಿ. 3 ಮತ್ತು 6ನೇ ಪಿನ್ನಿಗೆ ಒಂದೇ ಹೆಣಿಕೆಯ (ಒಂದಕ್ಕೊಂದು ಸುತ್ತಿಕೊಂಡ ಜೋಡಿಯ) ತಂತಿಗಳು ಹೋಗಬೇಕು; ಸಾದಾ ಟೆಸ್ಟರಿಗೆ ಆ ಸಂಬಂಧ ಕಾಣುವುದಿಲ್ಲ.

ಕಂಪ್ಯೂಟರಿಗೆಲ್ಲ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೇ ಬಿಡುವುದು ಊರಿನ ವಾಡಿಕೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದೊಡನೆ ಸ್ವಿಚ್ಚು ಆರಿ, "ಎಲ್ಲಾ ಚಾಲೂ ಐತಿ, ಬಿಲ್ ಯಾಕ ಬರವಲ್ದು?"

ಇವೆಲ್ಲಕ್ಕಿಂತ ದೊಡ್ಡ ಗಂಡಾಂತರ ದೀಪಾವಳಿಯ ಸ್ವಚ್ಛತೆ. ಕಸಬರಿಗೆ ಹಿಡಿದವರಿಗೆ ನೇತಾಡುವ ಕೇಬಲ್ ತುದಿ ಕಂಡರೆ, ಪಾಪ, ಖಾಲಿ ಪೋರ್ಟಿಗೆ ಸಿಗಿಸಿಬಿಡುತ್ತಾರೆ. ಇನ್ನೊಂದು ತುದಿ ಅದೇ ಸ್ವಿಚ್ಚಿನಲ್ಲಿದ್ದರೆ ಬ್ರಾಡ್‌ಕಾಸ್ಟ್ ಫ್ರೇಮುಗಳು, ಅಂದರೆ ಎಲ್ಲರಿಗೂ ಸಾರುವ ಸಂದೇಶದ ತುಣುಕುಗಳು, ಗಿರಗಿಟ್ಟಲೆ ತಿರುಗತೊಡಗುತ್ತವೆ. ಅವಕ್ಕೆ ಆಯುಸ್ಸಿನ ಮಿತಿಯೇ ಇಲ್ಲ, ಉಳಿದವರ ಮಾತಿಗೆ ದಾರಿಯೇ ಸಿಗುವುದಿಲ್ಲ. ಎಲ್ಲ ದೀಪವೂ ಸೀರಿಯಲ್ ಸೆಟ್ಟಿನಂತೆ ಪಟಪಟ ಮಿನುಗುತ್ತವೆ, ನೋಡಿದವರು ಹಬ್ಬದ ಕಳೆ ಅಂದುಕೊಳ್ಳುತ್ತಾರೆ. ಒಂದೊಂದೇ ಕೇಬಲ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಮಿನುಗು ತಣ್ಣಗಾಗುತ್ತದೋ ಅದನ್ನು ಸುತ್ತಿ ಬೀರುವಿನಲ್ಲಿಟ್ಟು, ಬೀಗದ ಕೈ ಸಾವ್ಕಾರರಿಗೆ ಕೊಡಿ.